ಜೋಳವೂ ಉಸಿರಾಡುತ್ತದೆ

ನಾನು ಚಿಕ್ಕವಳಿದ್ದಾಗ ನಮ್ಮೂರಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರೇ ಕಡಿಮೆ. ಎಲ್ಲರಿಗೂ ನಾನು ‘ಎದುರುಮಾತಿನಾಕಿ’. ಯಾರು ಏನು ಹೇಳಿದರೂ ‘ಯಾಕ?’ ಎಂದು ಕೇಳುವುದು ನನ್ನ ಚಾಳಿ. ಸಂಜೆ ಉಗುರು ಕತ್ತರಿಸಬಾರದು ಎಂದರೆ ಯಾಕ? ಬೆಕ್ಕು ಅಡ್ಡ ಬಂದರೆ ನಿಂತು ಹೋಗಬೇಕು ಎಂದರೆ ಯಾಕ? ಬೆಕ್ಕಿಗೂ ಅದರದೇ ಕೆಲಸ ಇರುತ್ತದಲ್ಲ! ಅವ್ವ ಬೈದು ಬೈದು ಸಾಕಾಗಿ, ಈ ಹುಡುಗಿಗೆ ಗಂಡು ಹುಡುಕುವ ಮೊದಲು ಬಾಯಿಗೆ ಒಂದು ಬೀಗ ಹುಡುಕಬೇಕು ಅನ್ನುತ್ತಿದ್ದಳು. ಗಂಡು ಸಿಕ್ಕಿತು, ಬೀಗ ಇವತ್ತಿಗೂ ಸಿಕ್ಕಿಲ್ಲ. ಅದು ನಿಮಗೂ ಗೊತ್ತು ಮಕ್ಕಳೇ.

ನಮ್ಮೂರು ಶಹಾಪುರದಿಂದ ಶಿರವಾಳದ ಕಡೆಗೆ ಹೋಗುವ ದಾರಿಯಲ್ಲಿತ್ತು. ಆಗ ಜೋಳವನ್ನು ಚೀಲದಲ್ಲಿ ಕಟ್ಟಿಡುತ್ತಿರಲಿಲ್ಲ, ಹಗೇವಿನಲ್ಲಿ ಇಡುತ್ತಿದ್ದರು. ಹಗೇವು ಅಂದರೆ ನೆಲದೊಳಗಿನ ಕಣಜ. ಮನೆಯ ಮುಂದಿನ ಗಟ್ಟಿ ನೆಲವನ್ನು ಆಳಕ್ಕೆ ತೋಡಿ ಮಾಡಿದ್ದು. ಬಾಯಿ ಚಿಕ್ಕದು, ಒಬ್ಬರು ಮೈ ಮುದುಡಿಕೊಂಡು ಇಳಿಯುವಷ್ಟು. ಒಳಗೆ ಹೊಟ್ಟೆ ಮಾತ್ರ ಗುಡಾಣದ ಹಾಗೆ ದೊಡ್ಡದು. ಸುತ್ತಲೂ ಜೋಳದ ಒಣದಂಟಿನ ಕಣಿಕೆ ಒತ್ತಿ, ಕಾಳು ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಎಳೆದು, ಸಂದಿಗೆಲ್ಲ ಮಣ್ಣು ಸಗಣಿ ಮೆತ್ತಿಬಿಟ್ಟರೆ ಇರುವೆಗೂ ದಾರಿ ಇರುತ್ತಿರಲಿಲ್ಲ. ವರ್ಷ ಕಳೆದರೂ ಕಾಳಿಗೆ ಹುಳ ಬೀಳುತ್ತಿರಲಿಲ್ಲ.

ಹಗೇವಿನ ಜೋಳಕ್ಕೆ ಒಂದು ವಾಸನೆ ಇತ್ತು. ಹುಳಿಹುಳಿಯಾದ, ಮೂಗಿನ ತುದಿಗೆ ಚುಚ್ಚುವ ವಾಸನೆ. ಆ ಹಿಟ್ಟಿನ ರೊಟ್ಟಿ ಹಂಚಿಗೆ ಬಿದ್ದರೆ ಇಡೀ ಓಣಿಗೆ ಸುದ್ದಿ. ಹೊರಗಿನಿಂದ ಬಂದವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮಗೆ ಮಾತ್ರ ಆ ಬಿಸಿ ರೊಟ್ಟಿ, ಮೇಲೆ ಕೆಂಪು ಖಾರ, ಪಕ್ಕದಲ್ಲಿ ಗುದ್ದಿ ಒಡೆದ ಉಳ್ಳಾಗಡ್ಡಿ ಸಿಕ್ಕರೆ ಬೇರೆ ಹಬ್ಬ ಬೇಕಿರಲಿಲ್ಲ.

ಈ ಹಗೇವಿಗೆ ಸಂಬಂಧಿಸಿ ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಮಗಳ ಮದುವೆ ಗೊತ್ತಾದರೆ, ಮದುವೆಯ ಅಡುಗೆಗೆ ಬೇಕಾದ ಮೊದಲ ಮೊರ ಜೋಳವನ್ನು ಆ ಮದುಮಗಳೇ ಹಗೇವಿಗೆ ಇಳಿದು ತುಂಬಿಕೊಂಡು ಬರಬೇಕು. ನೆಲದೊಳಗಿನ ಲಕ್ಷ್ಮಿ ಮನೆಯ ಲಕ್ಷ್ಮಿಯ ಮುಖ ನೋಡಿ ಕಳಿಸಿಕೊಡುತ್ತಾಳೆ ಎಂದು ಹಿರಿಯರ ಮಾತು. ಅಪ್ಪನ ಅಕ್ಕ, ಅಂದರೆ ನಮ್ಮ ಸೋದರತ್ತೆ, ತನ್ನ ಮದುವೆಯಲ್ಲಿ ಇಳಿದಿದ್ದಳು. ಆ ಕಥೆಯನ್ನು ಅವಳು ಎಷ್ಟು ಸಲ ಹೇಳಿದ್ದಳೆಂದರೆ ನಮ್ಮ ಎಮ್ಮೆಗೂ ಬಾಯಿಪಾಠ ಆಗಿತ್ತು.

ಇನ್ನು ಪುಸ್ತಕದ ವಿಷಯಕ್ಕೆ ಬರುತ್ತೇನೆ. ಅಕ್ಕನ ಮದುವೆ ಗೊತ್ತಾಗುವುದಕ್ಕೆ ಮೊದಲು, ಅವಳು ಅವ್ವನ ಜೊತೆ ಬಳೆ ಇಡಿಸಿಕೊಳ್ಳಲು ಶಹಾಪುರದ ಸಂತೆಗೆ ಹೋದವಳು ಬರಿಗೈಯಲ್ಲಿ ಬಂದಳು. ಸೆರಗಿನೊಳಗೆ ಮಾತ್ರ ಒಂದು ಪುಸ್ತಕ ಇತ್ತು. ಬಸ್‌ಸ್ಟ್ಯಾಂಡಿನ ಬದಿಗೆ ಗೋಣಿತಟ್ಟು ಹಾಸಿ ಹಳೆಯ ಪುಸ್ತಕ ಮಾರುತ್ತಿದ್ದ ಒಬ್ಬ ಚಾಚಾ ಅದನ್ನು ಅವಳ ಕೈಗೆ ಕೊಟ್ಟು, “ತಗೋ ಬೇಟಿ, ಇದರಾಗ ಗಾಳಿ ಅದ, ಬೀಜ ಅದ, ಹಕ್ಕಿ ಅದ, ಹಾವು ಅದ. ದೆವ್ವ ಒಂದು ಇಲ್ಲ ನೋಡು” ಅಂದಿದ್ದನಂತೆ. ಹೊದಿಕೆ ಕಿತ್ತುಹೋಗಿ, ಹೆಸರಿನ ಹಾಳೆಯೂ ಹರಿದುಹೋಗಿ, ಅದು ಯಾವ ಪುಸ್ತಕ, ಬರೆದವರು ಯಾರು ಎಂದು ನಮಗೆ ಕೊನೆಗೂ ಗೊತ್ತಾಗಲಿಲ್ಲ. ಶಾಲೆಯ ಪುಸ್ತಕದ ಹಾಗೆ ಪ್ರಶ್ನೆ ಕೇಳಿ ಹೆದರಿಸುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಇತ್ತು.

ಅಕ್ಕನನ್ನು ಏಳನೆಯ ತರಗತಿಗೆ ಶಾಲೆ ಬಿಡಿಸಿದ್ದರು. ಅವಳಿಗೆ ಓದುವ ಹಸಿವು ಎಷ್ಟಿತ್ತೆಂದರೆ ಸಾಮಾನು ಕಟ್ಟಿಕೊಂಡು ಬಂದ ಕಾಗದವನ್ನೂ ಬಿಡಿಸಿ ಓದುತ್ತಿದ್ದಳು. ಬಿಸಿಲು ಇಳಿದ ಮೇಲೆ ನಾವಿಬ್ಬರೂ ಮಾಳಿಗೆ ಏರುತ್ತಿದ್ದೆವು. ಮಣ್ಣಿನ ಮಾಳಿಗೆ ಇನ್ನೂ ಕಾದಿರುತ್ತಿತ್ತು, ಅಂಗಾಲು ಚುರುಗುಡುತ್ತಿತ್ತು. ಅವಳು ಓದುತ್ತಿದ್ದಳು, ನಾನು ಯಾಕ ಯಾಕ ಎಂದು ಕೇಳುತ್ತಿದ್ದೆ. ಸೋಜಿಗವೆಂದರೆ ಆ ಪುಸ್ತಕಕ್ಕೆ ಸಿಟ್ಟು ಬರುತ್ತಿರಲಿಲ್ಲ! ಹಕ್ಕಿಯ ಎಲುಬು ಯಾಕೆ ಟೊಳ್ಳು, ಗೆದ್ದಲು ತನ್ನ ಹುತ್ತದೊಳಗೆ ಗಾಳಿ ಹೇಗೆ ಆಡಿಸುತ್ತದೆ, ಎಲ್ಲ ಅದರಲ್ಲಿ ಇತ್ತು. ನಮ್ಮೂರ ಗುಡ್ಡದ ಮೇಲೆ ಒಂದರ ಮೇಲೊಂದು ಕೂತ ಬಂಡೆಗಳನ್ನು ರಾಕ್ಷಸರು ಎಸೆದಾಡಿದ್ದು ಎಂದು ನಾನು ನಂಬಿದ್ದೆ. ಬಿಸಿಲು, ಮಳೆ, ಗಾಳಿ ಸೇರಿಕೊಂಡು ನಿಧಾನವಾಗಿ ತಿಂದು ತಿಂದು ಹಾಗೆ ಮಾಡಿದವು ಎಂದು ಓದಿದ ದಿನ ನನಗೆ ರಾಕ್ಷಸರಿಗಿಂತ ಬಿಸಿಲಿನ ಮೇಲೇ ಹೆಚ್ಚು ಭಯ ಭಕ್ತಿ ಹುಟ್ಟಿತು.

ಒಂದು ಅಧ್ಯಾಯದಲ್ಲಿ ಕಾಳೂ ಉಸಿರಾಡುತ್ತದೆ ಎಂದು ಬರೆದಿತ್ತು. ನಾನು ನಂಬಲಿಲ್ಲ. ಮೂಗಿಲ್ಲ, ಬಾಯಿಲ್ಲ, ಅದೆಂಥ ಉಸಿರು! ಅಕ್ಕ ಮಾಡಿಯೇ ನೋಡೋಣ ಅಂದಳು. ಎರಡು ಅಗಲ ಬಾಯಿಯ ಬಾಟಲಿ ಹುಡುಕಿದೆವು. ಒಂದರಲ್ಲಿ ಮೊಳಕೆಯೊಡೆದ ಹೆಸರುಕಾಳು ಹಾಕಿದೆವು, ಇನ್ನೊಂದನ್ನು ಖಾಲಿ ಬಿಟ್ಟೆವು. ಎರಡಕ್ಕೂ ಬಿರಡೆ ಬಡಿದು ಒಂದು ದಿನ ಇಟ್ಟೆವು. ಮರುದಿನ ಅಕ್ಕ ಉರಿಯುವ ಕಡ್ಡಿಯನ್ನು ಖಾಲಿ ಬಾಟಲಿಗೆ ಇಳಿಸಿದಳು, ಸ್ವಲ್ಪ ಹೊತ್ತು ಉರಿಯಿತು. ಕಾಳಿನ ಬಾಟಲಿಗೆ ಇಳಿಸಿದಳು, ಯಾರೋ ಊದಿದ ಹಾಗೆ ಫಕ್ಕನೆ ಆರಿತು. ಕಾಳು ಒಳ್ಳೆಯ ಗಾಳಿಯನ್ನು ಉಂಡು ಕೆಟ್ಟ ಗಾಳಿಯನ್ನು ಬಿಟ್ಟಿತ್ತು. ಆ ಕೆಟ್ಟ ಗಾಳಿ ಭಾರ, ತಳದಲ್ಲೇ ನೀರಿನ ಹಾಗೆ ನಿಂತುಬಿಡುತ್ತದೆ. ಅದರೊಳಗೆ ದೀಪ ಬದುಕುವುದಿಲ್ಲ, ಮನುಷ್ಯನೂ ಬದುಕುವುದಿಲ್ಲ. ಪುಸ್ತಕ ಹೀಗೆ ಹೇಳಿ, ಹಳೆಯ ಬಾವಿ, ಕಾಳಿನ ಗುಂಡಿಗಳ ಹೆಸರನ್ನೂ ಬರೆದಿತ್ತು. ಹಗೇವಿನ ಜೋಳಕ್ಕೆ ಹುಳ ಯಾಕೆ ಬೀಳುವುದಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಆ ಗಾಳಿಯಲ್ಲಿ ಹುಳವೂ ಬದುಕುವುದಿಲ್ಲ.

ಅಷ್ಟರಲ್ಲಿ ಅಕ್ಕನಿಗೆ ವಡಗೇರಾದ ಕಡೆಯ ಸಂಬಂಧ ಗೊತ್ತಾಯಿತು. ಸೋದರತ್ತೆ ಮದುವೆಯ ಕೆಲಸಕ್ಕೆಂದು ಬಂದು ಕೂತಳು. ಬಂದವಳೇ ಪುಸ್ತಕ ಕಸಿದು ತನ್ನ ಟ್ರಂಕಿಗೆ ಹಾಕಿ ಬೀಗ ಜಡಿದಳು.

“ಗಂಡನ ಮನಿಗಿ ಹೋಗಾಕಿಗಿ ಗಾಳಿ ಪುಸ್ತಕ ಯಾಕ ಬೇಕು?” ಎಂದಳು.

“ಗಂಡನ ಮನ್ಯಾಗ ಗಾಳಿ ಇರಂಗಿಲ್ಲೇನು ಅತ್ತಿ?” ಎಂದೆ. ತೊಡೆಗೆ ಚಿವುಟಿದ ಗುರುತು ಬಹಳ ದಿನ ಇತ್ತು.

ಹಗೇವು ತೆಗೆಯುವ ದಿನ ಬಂತು. ಬೇಸಿಗೆ ಮುಗಿಯುತ್ತಾ ಬಂದ ಕಾಲ. ಅಂಗಳ ಸಾರಿಸಿ ರಂಗೋಲಿ ಹಾಕಿದ್ದರು. ಬೀಗಿತಿ, ಅಂದರೆ ಅಕ್ಕನಿಗೆ ಅತ್ತೆಯಾಗುವವರು, ಪದ್ಧತಿ ನೋಡಲೆಂದು ಬೆಳಿಗ್ಗೆಯ ಬಸ್ಸಿಗೇ ಬಂದು ಹೊರಸಿನ ಮೇಲೆ ಕೂತಿದ್ದರು. ಅಪ್ಪ ಯಾವಾಗಲೂ ಹಿಂದಿನ ದಿನವೇ ಚಪ್ಪಡಿ ಸರಿಸಿ ಹಗೇವನ್ನು ಬಾಯಿ ತೆರೆದು ಬಿಡುತ್ತಿದ್ದ. ಯಾಕೆ ಎಂದು ಕೇಳಿದರೆ ‘ಹಿಂದಿನವರು ಹಂಗೇ ಮಾಡ್ಯಾರ’ ಅನ್ನುತ್ತಿದ್ದ. ಈ ಸಲ ಎರಡು ದಿನದಿಂದ ಮೋಡ ಕವಿದು ಗುಡುಗುತ್ತಿತ್ತು. ತೆರೆದ ಹಗೇವಿಗೆ ಮಳೆ ನುಗ್ಗಿದರೆ ಜೋಳ ಎಲ್ಲ ಕೊಳೆತು ಹೋಗುತ್ತದೆ. ಅದಕ್ಕೇ ಮುಹೂರ್ತದ ಹೊತ್ತಿಗೆ ಚಪ್ಪಡಿ ತೆಗೆಯುವುದು, ಅಕ್ಕ ಇಳಿದು ಜೋಳ ತರುವುದು, ಮಳೆ ಬರುವುದರೊಳಗೆ ಮುಚ್ಚಿಬಿಡುವುದು ಎಂದು ಅಪ್ಪ ನಿರ್ಧಾರ ಮಾಡಿದ್ದ.

ಚಪ್ಪಡಿ ಸರಿಯಿತು. ಒಳಗಿನ ಬಿಸಿ ಹುಳಿ ವಾಸನೆ ಮುಖಕ್ಕೆ ಬಡಿಯಿತು. ನಾನು ಬಗ್ಗಿ ನೋಡಿದೆ. ಕತ್ತಲೆ. ಆಗ ನೆನಪಾಯಿತು, ಹಿಂದಿನ ಸುಗ್ಗಿಗೆ ಮೊದಲು ಅಪ್ಪ ಅರ್ಧ ಜೋಳ ತೆಗೆದು ಮತ್ತೆ ಮೆತ್ತಿದ್ದ. ಜೋಳ ಕೆಳಗೆಲ್ಲೋ ಇತ್ತು. ಅದರ ಮೇಲೆ ತಿಂಗಳುಗಟ್ಟಲೆ ನಿಂತ ಗಾಳಿ.

ಅಕ್ಕನ ಸೊಂಟಕ್ಕೆ ಹಗ್ಗ ಕಟ್ಟಿದರು, ಕೈಗೆ ಮೊರ ಕೊಟ್ಟರು. ನಾನು ಅವಳ ಮುಖ ನೋಡಿದೆ. ಅವಳಿಗೂ ಎಲ್ಲ ಗೊತ್ತಿತ್ತು. ತುಟಿ ಬಿಳಿಚಿಕೊಂಡಿತ್ತು. ಆದರೆ ಮದುಮಗಳು ಬೀಗರ ಎದುರಿಗೆ ಬಾಯಿ ಬಿಡುವುದುಂಟೇ? ಅವಳಿಗೆ ಬಾಯಿ ಇಲ್ಲ ಅಂದಮೇಲೆ ನನ್ನದು ಇತ್ತಲ್ಲ! ಹೋಗಿ ಹಗೇವಿನ ಬಾಯಿಗೆ ಅಡ್ಡ ನಿಂತೆ.

“ಅಕ್ಕ ಇಳಿಯಂಗಿಲ್ಲ. ಒಳಗಿನ ಗಾಳಿ ಕೆಟ್ಟದ. ಇಳಿದ್ರ ಸಾಯತಾಳ.”

ಮದುವೆ ಮನೆಯಲ್ಲಿ ಸಾವಿನ ಮಾತು! ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಸೋದರತ್ತೆ ಹಾರಿ ಬಿದ್ದಳು.

“ನಾ ಇಳಿದಿದ್ದಿಲ್ಲೇನು? ನನಗೇನಾಗ್ಯಾದ? ಕಲ್ಲಿನಂಗ ನಿಂತೀನಿ!”

“ನೀ ಇಳಿದಾಗ ಹಗೇವು ತುಂಬಿತ್ತು ಅತ್ತಿ. ಮೊಣಕಾಲ ತನಕ ಇಳಿದಿದ್ದೆ, ಅಷ್ಟೇ. ನೀನೇ ಹೇಳಿದ್ದಿ. ಈಗ ನೋಡು, ಅರ್ಧ ಖಾಲಿ ಅದ.”

ಅಪ್ಪ ನನ್ನ ರಟ್ಟೆ ಹಿಡಿದು ಎಳೆದ. ಅಪ್ಪನ ಕೈ ಕಬ್ಬಿಣ. ನಾನು ಚಪ್ಪಡಿಯ ಅಂಚು ಹಿಡಿದುಕೊಂಡು ಕೂಗಿದೆ, ದೀಪ ಇಳಿಸಿ ನೋಡ್ರಿ, ದೀಪ ಇಳಿಸಿ ನೋಡ್ರಿ ಎಂದು. ಯಾರೂ ಕೇಳಲಿಲ್ಲ. ಮದುಮಗಳ ಪೂಜೆಯ ದೀಪ ಆರಿದರೆ ಅದಕ್ಕಿಂತ ದೊಡ್ಡ ಅಪಶಕುನ ಇಲ್ಲ, ಆರಬಹುದಾದ ಕಡೆ ಅದನ್ನು ಒಯ್ಯುವುದೇ ಇಲ್ಲ. ನನಗೆ ಅಳುವೂ ಬಂತು, ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಇಷ್ಟು ಜನ ದೊಡ್ಡವರು, ಒಂದು ದೀಪ ನೋಡಲು ಇಷ್ಟು ಹೆದರಿಕೆ! ಅಪ್ಪನ ಕೈ ಕಚ್ಚಿ ಬಿಡಿಸಿಕೊಂಡೆ. ಪೂಜೆಯ ತಟ್ಟೆಯಲ್ಲಿದ್ದ ಪಣತಿಯನ್ನು ಎತ್ತಿ ಜೋಳ ಎತ್ತಲು ಹಗ್ಗ ಕಟ್ಟಿಟ್ಟಿದ್ದ ಪಕ್ಕದ ಬುಟ್ಟಿಯಲ್ಲಿಟ್ಟು, ಹಗ್ಗ ಹಿಡಿದು ಹಗೇವಿಗೆ ಇಳಿಸಿಬಿಟ್ಟೆ.

ಬಾಯಿ ದಾಟಿತು, ಉರಿಯುತ್ತಿತ್ತು. ಇನ್ನೊಂದು ಮೊಳ ಇಳಿಯಿತು. ಜ್ವಾಲೆ ಸಣ್ಣಗಾಯಿತು, ಬತ್ತಿಯ ತುದಿಯಲ್ಲಿ ಒಂದು ಕೆಂಪು ಚುಕ್ಕಿ ಉಳಿಯಿತು, ಅದೂ ಹೋಯಿತು.

ಹೆಂಗಸರು ಒಟ್ಟಿಗೆ ‘ಅಯ್ಯೋ’ ಅಂದರು. ಸೋದರತ್ತೆ ನೆಲಕ್ಕೆ ಕುಸಿದು ಹಣೆ ಚಚ್ಚಿಕೊಂಡಳು. ಅಪ್ಪನ ಕೈ ನನ್ನ ಕೆನ್ನೆಗೆ ಬಿತ್ತು. ಕಿವಿ ಗುಂಯ್ ಎಂದಿತು. ಅಪ್ಪ ಅಲ್ಲಿಯ ತನಕ ನನ್ನನ್ನು ಹೊಡೆದಿರಲಿಲ್ಲ. ನಾನು ಬುಟ್ಟಿ ಮೇಲಕ್ಕೆ ಎಳೆದು ಅವನ ಮುಂದೆ ಹಿಡಿದು, “ಗಾಳಿಗಿ ಆರ್ಯಾದ ಅಂತ ಅನ್ನಬ್ಯಾಡ ಅಪ್ಪಾ. ನೀನೇ ಹಚ್ಚು, ನೀನೇ ಇಳಿಸು” ಎಂದೆ.

ಅಪ್ಪ ನನ್ನ ಕೆನ್ನೆ ನೋಡಿದ, ದೀಪ ನೋಡಿದ. ಹಚ್ಚಿದ. ಮೇಲೆ ಹಿಡಿದ, ನೆಟ್ಟಗೆ ಉರಿಯಿತು. ಇಳಿಸಿದ, ಅದೇ ಜಾಗಕ್ಕೆ ಆರಿತು. ಮತ್ತೆ ಹಚ್ಚಿ ಇಳಿಸಿದ, ಮತ್ತೆ ಅಲ್ಲೇ ಆರಿತು.

ಆಗ ಬೀಗಿತಿ ಹೊರಸಿನಿಂದ ಎದ್ದರು. ಮದುವೆ ಮುರಿಯಿತು ಎಂದೇ ಎಲ್ಲರೂ ತಿಳಿದರು. ಅವರು ಹಗೇವಿನ ಬಾಯಿಗೆ ಬಂದು ಬಗ್ಗಿ ಮೂಸಿ, ನನ್ನ ಕಡೆ ತಿರುಗಿದರು.

“ನಿನಗ ಇದೆಲ್ಲ ಯಾರು ಹೇಳ್ಯಾರ?”

“ಪುಸ್ತಕ ಹೇಳ್ಯಾದ್ರಿ.”

“ಎಲ್ಲದ ಅದು?”

“ಅತ್ತಿ ಟ್ರಂಕಿನಾಗ ಹಾಕಿ ಬೀಗ ಜಡದಾಳ್ರಿ.”

“ತಗಸ್ರಿ” ಎಂದರು. ಅವರಿಗೆ ಓದು ಬರುತ್ತಿರಲಿಲ್ಲ. ಪುಸ್ತಕ ಬಂತು, ಅದನ್ನು ನೇರ ಅಕ್ಕನ ಕೈಗೇ ಕೊಟ್ಟರು. ಸೊಂಟದಲ್ಲಿ ಹಗ್ಗ, ಹಣೆಯಲ್ಲಿ ಮದುಮಗಳ ಹೂದಂಡೆ, ಅಕ್ಕ ಹಗೇವಿನ ಪಕ್ಕದಲ್ಲಿ ನಿಂತು ಆ ಅಧ್ಯಾಯವನ್ನು ಗಟ್ಟಿಯಾಗಿ ಓದಿದಳು. ಮೊದಲ ಸಾಲಿಗೆ ದನಿ ನಡುಗುತ್ತಿತ್ತು. ಕಾಳಿನ ಗುಂಡಿಯ ಮಾತು ಬರುವ ಹೊತ್ತಿಗೆ ಅಂಗಳದಾಚೆ ನಿಂತವರಿಗೂ ಕೇಳುತ್ತಿತ್ತು. ಓದಿ ಮುಗಿಸಿ, ಪುಸ್ತಕವನ್ನು ನನ್ನ ಕೈಗಿತ್ತು, ಸೊಂಟದ ಹಗ್ಗ ಬಿಚ್ಚಿ ನೆಲಕ್ಕೆ ಹಾಕಿದಳು.

“ಗಾಳಿ ಬದಲಾಗೋ ತನಕ ನಾ ಇಳಿಯಂಗಿಲ್ಲಪ್ಪಾ” ಎಂದಳು. ಅಕ್ಕ ಅಪ್ಪನಿಗೆ ಎದುರಾಡಿದ್ದು ಅದೇ ಮೊದಲು.

“ಮುಹೂರ್ತ ಮೀರತದ! ಮಳಿ ಬರತದ, ಜ್ವಾಳ ಕೊಳಿತದ!” ಎಂದು ಸೋದರತ್ತೆ ಕೂಗಿದಳು. ಬೀಗಿತಿ ಅವಳ ಕಡೆ ತಿರುಗಿಯೂ ನೋಡಲಿಲ್ಲ.

“ನನಗ ಸೊಸಿ ಬೇಕ್ರಿ. ಜ್ವಾಳ ಸಂತ್ಯಾಗ ಸಿಗತದ” ಎಂದರು.

ಆಮೇಲೆ ನೋಡಬೇಕಿತ್ತು ನಮ್ಮ ಅಂಗಳವನ್ನು. ಬೇವಿನ ದೊಡ್ಡ ದೊಡ್ಡ ಟೊಂಗೆ ಕಡಿದು ತಂದರು. ಹಗ್ಗಕ್ಕೆ ಕಟ್ಟಿ ಹಗೇವಿಗೆ ಇಳಿಸಿ, ಮೊಸರು ಕಡೆದ ಹಾಗೆ ಮೇಲೆ ಕೆಳಗೆ ಎಳೆದರು. ಅದೂ ಪುಸ್ತಕದಲ್ಲೇ ಇದ್ದ ಉಪಾಯ. ಅಷ್ಟರಲ್ಲಿ ಮಳೆ ಬಂದೇ ಬಂತು. ದಪ್ಪ ಹನಿ ಕಾದ ನೆಲಕ್ಕೆ ಬಿದ್ದು ಮಣ್ಣಿನ ವಾಸನೆಯೂ ಹಗೇವಿನ ಹುಳಿ ವಾಸನೆಯೂ ಬೇವಿನ ಕಹಿ ವಾಸನೆಯೂ ಕಲೆತುಹೋದವು. ಅಪ್ಪ ಬಂಡಿಯ ಮೇಲಿನ ತಾಡಪತ್ರಿ ತರಿಸಿದ. ನಾಲ್ಕು ಮೂಲೆಗೆ ನಾಲ್ವರು ನಿಂತು ಹಗೇವಿನ ಮೇಲೆ ಚಪ್ಪರದ ಹಾಗೆ ಎತ್ತಿ ಹಿಡಿದರು. ಒಂದು ಮೂಲೆ ಹಿಡಿದವರು ಬೀಗಿತಿ! ಇಳಕಲ್ ಸೀರೆ ತೊಯ್ದು ಮೈಗೆ ಅಂಟಿದ್ದರೂ ಅವರು ಕೈ ಇಳಿಸಲಿಲ್ಲ. ಮುಹೂರ್ತ ಯಾವಾಗ ಮೀರಿತೋ ಯಾರೂ ನೋಡಲಿಲ್ಲ.

ದೀಪ ಇಳಿಸಿದರು, ಆರಿತು. ಮತ್ತೆ ಕಡೆದರು. ಇಳಿಸಿದರು, ಈ ಸಲ ಮೊದಲಿಗಿಂತ ಆಳಕ್ಕೆ ಹೋಗಿ ಆರಿತು. ಮತ್ತೆ ಕಡೆದರು. ತೋಳು ಸೋತು ಹೋದವರ ಜಾಗಕ್ಕೆ ಬೇರೆಯವರು ಬಂದರು. ಮಧ್ಯಾಹ್ನ ಮಳೆ ನಿಂತು ಬಿಸಿಲು ಬಂದಾಗ ಇಳಿಸಿದ ದೀಪ ಜೋಳದ ಮೇಲೆ ಹೋಗಿ ಕೂತು ಆರದೆ ಉರಿಯಿತು. ಮೇಲಿಂದ ನೋಡಿದರೆ ಹಗೇವಿನ ತಳವೆಲ್ಲ ಬೆಳ್ಳಗೆ ಹೊಳೆಯುತ್ತಿತ್ತು. ನಮ್ಮ ಮನೆಯ ಹಗೇವಿನ ಒಳಗನ್ನು ನಾವು ಹಾಗೆ ನೋಡಿದ್ದು ಅವತ್ತೇ.

ಅಪ್ಪ ತಾನೇ ಇಳಿಯಲು ಹೊರಟ. ಅಕ್ಕ ತಡೆದಳು.

“ಪದ್ಧತಿ ನಂದು, ನಾನೇ ಇಳೀತೀನಿ. ದೀಪ ಮುಂದ, ನಾ ಹಿಂದ. ದೀಪ ಆರಿದ್ರ ಎಳೀರಿ.”

ಹಗ್ಗದ ತುದಿ ಅಪ್ಪ ಹಿಡಿದ, ಅಪ್ಪನ ಹಿಂದೆ ನಾನು ಹಿಡಿದೆ. ಅಂಗೈ ಬೆವರಿಗೆ ಹಗ್ಗ ಜಾರುತ್ತಿತ್ತು. ಅಕ್ಕನ ತಲೆ ಕಾಣದಾಯಿತು. ಒಳಗಿನಿಂದ ಜೋಳ ಸುರಿಯುವ ಸಪ್ಪಳ ಬಂತು. ಅಷ್ಟು ಹೊತ್ತೂ ನಾನು ಉಸಿರೇ ಆಡಿದ್ದಿಲ್ಲವೋ ಏನೋ. ಅವಳು ತುಂಬಿದ ಮೊರ ಎತ್ತಿ ಹಿಡಿದು ಹೊರಗೆ ಬಂದಾಗ ಕೂದಲಿಗೆಲ್ಲ ಹೊಟ್ಟು ಹತ್ತಿತ್ತು, ಮುಖದಲ್ಲಿ ನಗು ಇತ್ತು. ಸಂಜೆ ಅಪ್ಪ ನನ್ನ ಕೆನ್ನೆಗೆ ಕೊಬ್ಬರಿ ಎಣ್ಣೆ ಸವರುತ್ತಾ ಬಹಳ ಹೊತ್ತು ಪಕ್ಕದಲ್ಲಿ ಕೂತಿದ್ದ.

ಸೋದರತ್ತೆ ಸೋಲು ಒಪ್ಪಿಕೊಳ್ಳಲಿಲ್ಲ, ಎಲ್ಲ ದೇವರ ದಯೆ ಅಂದಳು. ಆದರೆ ಪುಸ್ತಕಕ್ಕೆ ಮತ್ತೆ ಬೀಗ ಹಾಕಲಿಲ್ಲ. ಅದು ಅಕ್ಕನ ಜೊತೆ ವಡಗೇರಾಕ್ಕೆ ಹೋಯಿತು. ಬಂಡಿ ಹೊರಟಾಗ ನಾನು ಬಿಕ್ಕಿ ಬಿಕ್ಕಿ ಅತ್ತೆ. ಅಕ್ಕನಿಗಾಗಿ ಎಂದು ಎಲ್ಲರೂ ಸಮಾಧಾನ ಮಾಡಿದರು. ಅರ್ಧ ಅಳು ಪುಸ್ತಕದ್ದಾಗಿತ್ತು.

ಈಗ ನೀವು ಯಾದಗಿರಿಯ ಮನೆಯಲ್ಲಿ ಕಪಾಟಿನ ತುಂಬ ಬಣ್ಣಬಣ್ಣದ ವಿಜ್ಞಾನದ ಪುಸ್ತಕ ಇಟ್ಟುಕೊಂಡಿದ್ದೀರಿ. ಹೆಸರಿಲ್ಲದ ಒಂದು ಪುಸ್ತಕಕ್ಕೆ ನಾವು ಪಟ್ಟ ಪಾಡು ನಿಮಗಿಲ್ಲ. ಹಗೇವುಗಳನ್ನು ಮುಚ್ಚಿ ಅವುಗಳ ಮೇಲೆ ಮನೆ ಕಟ್ಟಿಯಾಯಿತು. ಏನು ಬೇಕಾದರೂ ಮೊಬೈಲಿನಲ್ಲಿ ಕೇಳುತ್ತೀರಿ, ಅದರಲ್ಲಿ ಖರೆಯೂ ಬರುತ್ತದೆ, ಸುಳ್ಳೂ ಬರುತ್ತದೆ. ಆದರೆ ನೆಲದೊಳಗಿನ ಗುಂಡಿಗಳು ಹೋಗಿಲ್ಲ, ಅವುಗಳಿಗೆ ಮನುಷ್ಯರನ್ನು ಇಳಿಸುವವರೂ ಹೋಗಿಲ್ಲ. ಮೊನ್ನೆ ಎದುರು ಮನೆಯ ಪಾಯಖಾನೆಯ ಗುಂಡಿ ತುಂಬಿ, ಆ ಮನೆಯ ಯಜಮಾನ ಒಬ್ಬ ಕೂಲಿಯವನನ್ನು ಕರೆತಂದು ಮುಚ್ಚಳ ತೆಗೆಸಿದ. ಕೂಲಿಯವನು ಇಳಿಯಲೆಂದು ಅಂಗಿ ಬಿಚ್ಚುವುದನ್ನು ನೋಡಿ ನಾನು ಕಡ್ಡಿಪೆಟ್ಟಿಗೆ ಹಿಡಿದುಕೊಂಡು ಓಡಿದೆ. ಮೊದಲು ದೀಪ ಇಳಿಸಿ ನೋಡಿ, ನಾನು ಚಿಕ್ಕಂದಿನಲ್ಲೇ ಮಾಡಿದವಳು ಎಂದು ದೊಡ್ಡದಾಗಿ ಹೇಳುತ್ತಾ ಕಡ್ಡಿ ತೆಗೆದೆ. ಮೊಮ್ಮಗಳು ಹಿಂದಿನಿಂದ ಬಂದವಳೇ ನನ್ನ ಕೈ ಹಿಡಿದುಬಿಟ್ಟಳು.

“ಅಜ್ಜಿ, ಕಡ್ಡಿ ಗೀರಬ್ಯಾಡ! ಹಗೇವಿನ ಗಾಳಿ ಬ್ಯಾರೆ, ಇದು ಬ್ಯಾರೆ. ಇದು ಭುಗ್ ಅಂತ ಹತ್ತಿಕೊಳ್ಳೋ ಗಾಳಿ. ಇದರಾಗ ದೀಪ ಉರಿದ್ರೂ ಮನುಷಾ ಸಾಯಬಹುದು.”

ಓಣಿಯ ಜನರ ಎದುರಿಗೆ! ನನ್ನ ಮೈಯೆಲ್ಲ ಉರಿದುಹೋಯಿತು. ನಿನ್ನಪ್ಪ ಹುಟ್ಟುವುದಕ್ಕಿಂತ ಮೊದಲು ನಾನು ಇದನ್ನು ಕಲಿತವಳು, ನನಗೇ ಹೇಳುತ್ತೀಯಾ, ಕೈ ಬಿಡು ಎಂದು ಗದರಿದೆ. ಅವಳು ಬಿಡಲಿಲ್ಲ. ತಮ್ಮನಿಗೆ ಕೂಗಿ ಪುಸ್ತಕ ತರಿಸಿದಳು, ನನ್ನ ಕನ್ನಡಕವನ್ನೂ ತರಿಸಿದಳು. ನಾನು ರಸ್ತೆಯಲ್ಲೇ ನಿಂತು ಆ ಪುಟ ಓದಿದೆ. ನಂಬಿಕೆ ಬಾರದೆ ಇನ್ನೊಮ್ಮೆ ಓದಿದೆ. ಹುಡುಗಿ ಖರೆಯನ್ನೇ ಹೇಳಿದ್ದಳು. ಇಷ್ಟು ವರ್ಷ ಊರಿಗೆಲ್ಲ ದೀಪ ಇಳಿಸಿ ನೋಡಿ ಎಂದು ಹೇಳಿಕೊಂಡು ಬಂದವಳು ನಾನು. ಎದೆ ಧಸಕ್ಕೆಂದಿತು, ಮರುಗಳಿಗೆಯೇ ಮೊಮ್ಮಗಳನ್ನು ನೋಡಿ ಹಿಗ್ಗಿತು.

ಕಡ್ಡಿಪೆಟ್ಟಿಗೆಯನ್ನು ಮೊಮ್ಮಗಳ ಕೈಗೆ ಹಾಕಿದೆ. ಕೂಲಿಯವನಿಗೆ ಅಂಗಿ ತೊಟ್ಟುಕೋ ಅಂದೆ. ಗುಂಡಿಯ ಮುಂದೆ ನಾವಿಬ್ಬರೂ ಅಡ್ಡ ನಿಂತೆವು.

“ಇದರಾಗ ಯಾರೂ ಇಳಿಯಂಗಿಲ್ರಿ. ಮಷೀನಿನ ಗಾಡಿ ಕರಸ್ರಿ” ಎಂದೆ ಯಜಮಾನನಿಗೆ.

“ಮುದುಕಿಗೇನು ಗೊತ್ತದ ಇದೆಲ್ಲ?” ಎಂದ ಅವನು.

“ಮುದುಕಿಗಿ ಗೊತ್ತಿದ್ದಿಲ್ರಿ” ಎಂದೆ. “ಈಗ ಈಕಿ ಕಲಿಸ್ಯಾಳ.”